ಆಮೆಯ ತೀರ್ಪು

ಹಳ್ಳದ ಈ ದಡದಲ್ಲಿ ನರಿಯ ಟಗರು ಕಾಳಗದ ಕಣ, ಆ ದಡದಲ್ಲಿ ತೋಳನದು. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಕಡೆಗೊಮ್ಮೆ ಎರಡೂ ಕಡೆಯ ಟಗರುಗಳ ನಡುವೆ ಪಂದ್ಯ ನಿಗದಿಯಾದಾಗ, ಯಾರ ಪೈಕಿಯೂ ಅಲ್ಲದ ಆಮೆಯನ್ನು ತೀರ್ಪುಗಾರನಾಗಲು ಕರೆದವು. ಯಾರೂ ಕರೆಯದೆ ಎಷ್ಟೋ ಕಾಲವಾಗಿದ್ದ ಆಮೆ ಹಿಗ್ಗಿಹೋಯಿತು. ಪ್ರೇಕ್ಷಕರು ಒಂದು ಲಕ್ಷ, ಇರುವೆಗಳನ್ನೂ ಎಣಿಸಿದರೆ.

"ಆಮೆಯಣ್ಣ, ನಾನು ಮೂರು ಸಲ ಗೊರಸು ತಟ್ಟಿದರೆ ಸೋತೆನೆಂದು ಅರ್ಥ. ಒಡನೆ ಕಾಳಗ ನಿಲ್ಲಿಸು," ಎಂದಿತು ನರಿಯ ಟಗರು.

"ಕಣ್ಣು ಮಿಟುಕಿಸದೆ ನೋಡುತ್ತೇನೆ, ತಮ್ಮಾ."

ಕೊಂಬಿಗೆ ಕೊಂಬು ಬಡಿದ ಸದ್ದಿಗೇ ಆಮೆಯ ತಲೆ ಚಿಪ್ಪಿನೊಳಗೆ ಸೇರಿತು. ಮತ್ತೆ ಹೊರಬಂದಾಗ ನರಿಯ ಟಗರು ಕೊಂಬು ಮುರಿದು ಬಿದ್ದಿತ್ತು.

"ಅದು ತಟ್ಟಿದ್ದು ಕಾಣಲಿಲ್ಲವೇನೋ!" ಎಂದು ಸಭೆ ಕೂಗಿತು.

"ತಟ್ಟಲೇ ಇಲ್ಲ," ಎಂದಿತು ಆಮೆ.

ಆ ಜಗಳದ ಸುದ್ದಿಗೇ ಮುಂದಿನ ಪಂದ್ಯಕ್ಕೆ ಎರಡೂ ದಡ ತುಂಬಿದವು. ನರಿಯೂ ತೋಳವೂ, "ಇನ್ನು ನೀನೇ ನಮ್ಮ ತೀರ್ಪುಗಾರ!" ಎಂದು ಆಮೆಯ ಬೆನ್ನು ಚಪ್ಪರಿಸಿದವು. ಆದರೆ ಅದರ ಪಕ್ಕ ಬಂದು ಕೂರುವವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಚಿಪ್ಪಿನ ಮೇಲೆ ಯಾರೋ ಮೂರು ಸಲ ತಟ್ಟಿದರು. ಆಮೆ ಬೆಚ್ಚಿ ತಲೆ ಒಳಗೆಳೆದುಕೊಂಡಿತು.

"ಈಗ ಕೇಳಿಸಿತೇ, ಅಣ್ಣಾ?"

"ಕೇಳಿಸಿತು ತಮ್ಮಾ, ಅವತ್ತೂ ಕೇಳಿಸಿತ್ತು," ಎನ್ನುತ್ತ ಆಮೆ ತಲೆ ಹೊರಹಾಕುವಷ್ಟರಲ್ಲಿ, ಕೆಸರಿನಲ್ಲಿ ಗೊರಸಿನ ಗುರುತಷ್ಟೇ ಉಳಿದಿತ್ತು.