ಕುಂಬಾರ ತಾಯಿಗೆ ಕೊಟ್ಟ ಮಂಚ

"ಗುರುಗಳೇ, ನಿಮಗೆ ಎಂಬತ್ತು ಹತ್ತಿರವಾಯಿತು. ಈಗಲೂ ಬಾವಿಯಿಂದ ನೀರು ಸೇದುವುದು ನೀವೇ, ಅಂಗಳ ಗುಡಿಸುವುದು ನೀವೇ. ನಾವಿಷ್ಟು ಜನ ಇದ್ದೇವೆ. ನಿಮ್ಮನ್ನು ಕೂರಿಸಿ ಸೇವೆ ಮಾಡಲು ಯಾಕೆ ಬಿಡುವುದಿಲ್ಲ?" ಎಂದು ಶಿಷ್ಯನೊಬ್ಬ ಕೇಳಿದ. ಅವನ ದನಿಯಲ್ಲಿ ಮುನಿಸಿತ್ತು.

ಗುರು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೆ ಮಣ್ಣು ತುಳಿದು ಹದ ಮಾಡಿ ಕೊಡುತ್ತಿದ್ದವಳು ಅವನ ಮುದಿ ತಾಯಿ. ಬೆಳಿಗ್ಗೆ ಸೆರಗು ಸಿಕ್ಕಿಸಿ ಮಣ್ಣಿನ ಮೇಲೆ ನಿಂತಳೆಂದರೆ ಬಿಸಿಲೇರುವವರೆಗೂ ತುಳಿಯುವಳು. ರಾಗಿ ಕಾಳಿನಷ್ಟು ಕಲ್ಲಿದ್ದರೂ ಅವಳ ಹಿಮ್ಮಡಿಗೆ ಗೊತ್ತಾಗುತ್ತಿತ್ತು. ಆಮೇಲೆ ಹೊಟ್ಟೆ ತುಂಬ ಉಂಡು, ನೆರಳಲ್ಲಿ ಒಂದು ಗಳಿಗೆ ಮಲಗಿ, ಸೊಸೆಯನ್ನು ರೇಗಿಸುತ್ತ ಓಡಾಡಿಕೊಂಡಿರುವಳು.

ಕುಂಬಾರನ ಮಡಕೆಗಳಿಗೆ ಹೆಸರು ಬಂತು. ಜನ ಮನೆ ಬಾಗಿಲಿಗೇ ಬರತೊಡಗಿದರು. ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದವಳು ಮೊಣಕಾಲವರೆಗೆ ಕೆಸರಾದ ಮುದುಕಿ. ಎತ್ತಿನಂಥ ಮಗನಿದ್ದೂ ಹೆತ್ತವಳು ಮಣ್ಣು ತುಳಿಯಬೇಕೇ ಎಂದು ಯಾರೋ ಆಡಿಕೊಂಡರು. ಕುಂಬಾರನಿಗೆ ತಾಯಿಯೆಂದರೆ ಪ್ರಾಣ. ಆ ಮಾತು ಅವನ ಎದೆಗೆ ನಾಟಿತು.

ಮರುದಿನ ಅವಳ ಕಾಲು ತೊಳೆದು ಹೊಸ ಹಗ್ಗದ ಮಂಚದ ಮೇಲೆ ಕೂರಿಸಿದ. "ಇನ್ನು ನಿನ್ನ ಪಾದ ಮಣ್ಣಿಗೆ ತಾಗಕೂಡದು ಅವ್ವ. ನೀನು ದುಡಿದದ್ದು ಸಾಕು" ಎಂದ.

"ಸಾಕಾಯಿತು ಅಂತ ನಾನು ಯಾವಾಗ ಅಂದೆನೋ? ದಿನಾ ಒಂದು ಗುಡ್ಡೆ ಮಣ್ಣಾದರೂ ನನಗೆ ಬಿಡಪ್ಪ. ಸುಮ್ಮನೆ ಕೂತರೆ ಮೈ ಹಿಡಿದುಕೊಳ್ಳುತ್ತೆ."

"ಊರವರು ನನ್ನ ಮುಖಕ್ಕೆ ಉಗಿಯುತ್ತಾರೆ ಅವ್ವ."

ಅವಳು ಮತ್ತೆ ಕೇಳಲಿಲ್ಲ. ಊಟ ಮಂಚಕ್ಕೇ ಬಂತು, ನೀರು ಮಂಚಕ್ಕೇ ಬಂತು. ಅವಳು ಏಳಲು ಹೋದರೆ ಮಗ, ಸೊಸೆ ಇಬ್ಬರೂ ಓಡಿ ಬರುತ್ತಿದ್ದರು. ಇಂಥ ಮಗ ಎಲ್ಲಿ ಸಿಗುತ್ತಾನೆ ಎಂದು ಊರು ಹಾಡಿ ಹೊಗಳಿತು. ಹೊಗಳುವುದಕ್ಕೆ ಊರೇನು ಬೆವರು ಸುರಿಸಬೇಕೇ?

ಆರು ತಿಂಗಳಲ್ಲಿ ಅವಳ ಮಂಡಿ ಬಿಗಿಯಿತು. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಹಸಿವು ಹೋಯಿತು, ಅದರ ಹಿಂದೆಯೇ ನಿದ್ದೆಯೂ ಹೋಯಿತು. ಸೊಸೆಯನ್ನು ರೇಗಿಸುವುದನ್ನೂ ಬಿಟ್ಟಳು. ಮಗ ಹೆದರಿ ಇನ್ನೂ ಮೆತ್ತನೆಯ ಹಾಸಿಗೆ ತಂದು ಹಾಸಿದ. ವರ್ಷ ತುಂಬುವ ಹೊತ್ತಿಗೆ ಅವಳನ್ನು ಇಬ್ಬರು ಹಿಡಿದೆತ್ತಬೇಕಾಯಿತು.

ವೈದ್ಯ ಬಂದು ನಾಡಿ ಹಿಡಿದ. ಸೊರಗಿದ ಕಾಲುಗಳನ್ನು ಒತ್ತಿ ನೋಡಿ, ಈಕೆ ಮೊದಲು ಏನು ಕೆಲಸ ಮಾಡುತ್ತಿದ್ದಳು ಎಂದು ಕೇಳಿದ. ಕುಂಬಾರ ಹೇಳಿದ. ಇಷ್ಟು ವರ್ಷ ಅದೇ ಇವಳ ಮದ್ದಾಗಿತ್ತು, ನೀನು ನಿಲ್ಲಿಸಿಬಿಟ್ಟೆ ಎಂದು ವೈದ್ಯ ಎದ್ದು ಹೋದ.

ಕುಂಬಾರ ಓಡಿ ಹೋಗಿ ಹಸಿ ಮಣ್ಣು ತಂದು ಮಂಚದ ಪಕ್ಕ ಹರಡಿದ. ತಾಯಿಯ ಕಂಕುಳಿಗೆ ಕೈ ಕೊಟ್ಟು ಎತ್ತಿ ಅದರ ಮೇಲೆ ನಿಲ್ಲಿಸಿದ. ತುಳಿ ಅವ್ವ, ತುಳಿ ಎಂದು ಬೇಡಿಕೊಂಡ. ಅವಳಿಗೂ ಆಸೆಯಿತ್ತು. ತುಟಿ ಕಚ್ಚಿ ಕಾಲೆತ್ತಲು ನೋಡಿದಳು, ಆಗಲಿಲ್ಲ. ಅವಳನ್ನು ಮಲಗಿಸಿ ತಿರುಗಿ ನೋಡಿದರೆ ಮಣ್ಣಿನಲ್ಲಿ ಅವನ ಹೆಜ್ಜೆ ಮಾತ್ರ ಆಳವಾಗಿ ಮೂಡಿತ್ತು. ಅವಳ ಹೆಜ್ಜೆಯ ಗುರುತೇ ಇರಲಿಲ್ಲ. ಕುಂಬಾರ ಅಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತ. ತಾಯಿ ಆ ವಾರ ದಾಟಲಿಲ್ಲ.

ಕತೆ ಕೇಳಿದ ಶಿಷ್ಯನ ಕಣ್ಣು ತುಂಬಿತ್ತು. "ಆದರೂ ಗುರುಗಳೇ, ಅವನು ಮಾಡಿದ್ದೆಲ್ಲ ಪ್ರೀತಿಯಿಂದಲೇ ಅಲ್ಲವೇ?" ಎಂದ.

"ಹೌದು, ಅದಕ್ಕೇ ಅವನನ್ನು ಯಾರೂ ತಡೆಯಲಿಲ್ಲ" ಎಂದರು ಗುರು.