ಗೆದ್ದಲು ಮುಟ್ಟಿದ ಆಕಾಶ

ಆಲದ ಬುಡದ ಹುತ್ತದ ಮೇಲೆ ಹೆಜ್ಜೇನೊಂದು ದಣಿವಾರಿಸಿಕೊಳ್ಳುತ್ತಿತ್ತು. ಒಳಗಿನಿಂದ ಗೆದ್ದಲು ಕೇಳಿತು: "ಅಕ್ಕ, ನಿಮ್ಮ ಮನೆಗೆ ಗೋಡೆಯಿಲ್ಲವಂತೆ. ಮತ್ತೆ ಸುತ್ತ ಏನಿದೆ?"

"ಆಕಾಶವಿದೆ. ತುದಿಯಲ್ಲಿರುವ ನಮ್ಮ ಕೊಂಬೆಗೆ ಹತ್ತಿ ಬಾ, ನೀನೇ ತಿಳಿದುಕೊ."

ಆ ಮಾತು ಗೆದ್ದಲಿನ ತಲೆಹೊಕ್ಕಿತು. ಕುಲದ ಪದ್ಧತಿಯಂತೆ ಹೆಜ್ಜೆಹೆಜ್ಜೆಗೂ ತಲೆಯ ಮೇಲೆ ಮಣ್ಣಿನ ಸೂರು ಕಟ್ಟಿಕೊಳ್ಳುತ್ತಲೇ ಹತ್ತಿ, ಒಂಬತ್ತನೆಯ ದಿನ ತುದಿ ಸೇರಿತು.

"ಬಂದೆಯಾ ತಂಗಿ? ಆ ಸೂರು ಒಡೆದು ಹೊರಗೆ ಬಾ" ಎಂದಿತು ಹೆಜ್ಜೇನು.

"ಸೂರಿಲ್ಲದೆ ನಿಲ್ಲುವುದುಂಟೆ ಅಕ್ಕ? ಇಲ್ಲಿಂದಲೇ ಮುಟ್ಟುತ್ತೇನೆ" ಎಂದ ಗೆದ್ದಲು, ತಲೆಯೆತ್ತಿ ಮೀಸೆಯಿಂದ ಮೆಲ್ಲಗೆ ತಡವಿ ನೋಡಿತು.

ಹುತ್ತಕ್ಕೆ ಮರಳಿದಾಗ ಬಳಗವೆಲ್ಲ ಮುತ್ತಿಕೊಂಡಿತು. "ಆಕಾಶ ಹೇಗಿದೆ?"

"ನಾನೇ ಮುಟ್ಟಿ ಬಂದೆ. ಅದೂ ಮಣ್ಣಿನದೇ" ಎಂದಿತು ಗೆದ್ದಲು. "ಕೆಲಸ ಮಾತ್ರ ನಮ್ಮವರು ಮಾಡಿದಷ್ಟೇ ಅಚ್ಚುಕಟ್ಟು."