ಎರಡನೆಯ ಸಲ ಹಾಡಿದ ಕೃತಿ

ಹೊಳೆದಂಡೆಯ ಪಾಳು ಸುಂಕದಕಟ್ಟೆಯಲ್ಲಿ ಪೂಜ್ಯ ಸಹಜಾವಧೂತರು ವಾಸವಾಗಿದ್ದ ಕಾಲವದು. ಮಠವಿಲ್ಲ, ಪೀಠವಿಲ್ಲ, ಇದ್ದದ್ದು ಒಂದು ಚಾಪೆ, ಒಂದು ಮಣ್ಣಿನ ಒಲೆ. ಭಕ್ತರು ತಂದ ಸೊಪ್ಪನ್ನು ತಾವೇ ಸೋಸಿ, ಬೇಯಿಸಿ, ಅವರಿಗೇ ಬಡಿಸುತ್ತಿದ್ದರು. ಮಾತು ಬಲು ಕಡಿಮೆ. ಅವರ ಬಾಯಿಂದ ಒಂದು ಮಾತು ಬಂದರೆ ಪುಣ್ಯವೆಂದು ಜನ ಕಾದು ಕೂತಿರುತ್ತಿದ್ದರು.

ಒಂದು ಬೆಳಗ್ಗೆ ಎಣ್ಣೆಗಿರಣಿಯ ವೆಂಕಟಾಚಲ ಶೆಟ್ಟರ ಕಾರು ಬಂದು ನಿಂತಿತು. ಇಳಿದವರು ವಿದ್ವಾನ್ ಗಂಗಾಧರಯ್ಯನವರು. ಶೆಟ್ಟರು ಒಳಕ್ಕೆ ಬರಲು ಸಂಕೋಚಪಟ್ಟು ಹೊಸ್ತಿಲಾಚೆಯೇ ನಿಂತರು.

ವಿದ್ವಾಂಸರ ಸಂಸಾರ ನಡೆಯುತ್ತಿದ್ದುದೇ ಶೆಟ್ಟರ ಆಶ್ರಯದಲ್ಲಿ. ಮನೆ, ದಿನಸಿ, ಮಗಳ ಮದುವೆ, ಯಾವುದಕ್ಕೂ ಶೆಟ್ಟರು ಕೈ ಹಿಂದೆಗೆದವರಲ್ಲ. ಪ್ರತಿಯಾಗಿ ಅವರು ಕೇಳುತ್ತಿದ್ದುದು ಒಂದೇ: ರಾಮನವಮಿಗೆ ತಮ್ಮ ಪಡಸಾಲೆಯಲ್ಲಿ ಒಂದು ಹೊಚ್ಚಹೊಸ ಕೃತಿ. ದೇವರಿಗೆ ಹಳೇ ಪಂಚೆ ಉಡಿಸುತ್ತೇವೆಯೇ, ಹಳೇ ಹಾಡು ಮಾತ್ರ ಯಾಕೆ ಎನ್ನುವುದು ಅವರ ವಾದ. ಹೀಗಾಗಿ ವರ್ಷವಿಡೀ ಒದ್ದಾಡಿ ಕಟ್ಟಿದ್ದನ್ನು ಗಂಗಾಧರಯ್ಯನವರು ಒಂದು ಸಂಜೆ ಹಾಡುವರು, ಶಾಲು ಹೊದಿಸಿಕೊಳ್ಳುವರು. ಅಲ್ಲಿಗೆ ಆ ಕೃತಿಯ ಕತೆ ಮುಗಿಯಿತು. ಯಾವ ಕಛೇರಿಯಲ್ಲೂ ಯಾರೂ ಅದನ್ನು ಮತ್ತೆ ಎತ್ತಿಕೊಂಡದ್ದಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದೆಂದು ಪಾಪ, ಅವರು ಬಾಯಿ ಬಿಡಲಿಲ್ಲ. ಈ ವರ್ಷ ಮಾತ್ರ ಒಂದು ಪಲ್ಲವಿಯೂ ಹುಟ್ಟದೆ ಹೋಯಿತು. ಗಾಬರಿಯಾದ ಶೆಟ್ಟರು ಆಶೀರ್ವಾದ ಕೊಡಿಸಲೆಂದು ತಾವೇ ಕರೆತಂದಿದ್ದರು. ವಿದ್ವಾಂಸರ ಮನಸ್ಸಿನಲ್ಲಿದ್ದುದೇ ಬೇರೆ.

ಅವಧೂತರು ಸೊಪ್ಪು ಸೋಸುತ್ತಿದ್ದರು. ಗಂಗಾಧರಯ್ಯನವರು ಅಡ್ಡಬಿದ್ದು, ಹೊರಗಿರುವವರಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದರು:

“ಸಾಕಾಗಿದೆ, ಸ್ವಾಮಿ. ಈ ಹಾಡು ಕಟ್ಟುವುದರಿಂದ ನನ್ನನ್ನು ಬಿಡಿಸಿ.”

ಅವಧೂತರು ತಲೆಯೆತ್ತಲಿಲ್ಲ. “ನಿನ್ನದೊಂದು ಹಾಡಪ್ಪ” ಎಂದರು.

ವಿದ್ವಾಂಸರು ಶ್ರುತಿ ಹಿಡಿದು, ಎಂದೋ ಒಂದು ರಾಮನವಮಿಗೆ ಆನಂದಭೈರವಿ ರಾಗದಲ್ಲಿ ಕಟ್ಟಿದ್ದ ‘ದಣಿದು ಬಂದೆನು ನಿನ್ನ ದಡಕೆ’ ಎಂಬ ಕೃತಿಯನ್ನು ಎತ್ತಿಕೊಂಡರು. ಪಲ್ಲವಿಯಾಯಿತು, ಅನುಪಲ್ಲವಿಯಾಯಿತು. ಚರಣಕ್ಕೆ ಬಂದಾಗ ನಾಲಿಗೆ ನಿಂತಿತು. ಮತ್ತೆ ಮೊದಲಿನಿಂದ ಹಾಡಿಕೊಂಡು ಬಂದರು. ಮತ್ತೆ ಅಲ್ಲಿಯೇ ನಿಂತಿತು. ತಮ್ಮದೇ ಹಾಡು ತಮಗೇ ಮರೆತಿತ್ತು. ಲೋಕ ತಮ್ಮ ಕೃತಿಗಳನ್ನು ಕೈಬಿಟ್ಟಿತೆಂದು ಕೊರಗುತ್ತಿದ್ದವರು ಒಂದು ದಿನವಾದರೂ ಅವನ್ನು ತಾವೇ ಮನೆಯಲ್ಲಿ ಹಾಡಿಕೊಂಡವರಲ್ಲ. ನಾಚಿಕೆಯಿಂದ ಅವರ ಕಣ್ಣು ತುಂಬಿಬಂತು.

ಆಗ ಹೊಸ್ತಿಲಾಚೆಯಿಂದ ಒಂದು ಒಡಕು ದನಿ ಕೇಳಿಸಿತು. ಶ್ರುತಿಯಿಲ್ಲ, ತಾಳವಿಲ್ಲ, ಸಾಹಿತ್ಯ ಮಾತ್ರ ಒಂದಕ್ಷರ ತಪ್ಪಲಿಲ್ಲ.

“ಹೊರೆ ಇಳಿಸೆಂದು ಕೇಳೆನು ನಾನು, ಹೊತ್ತವನ ನೀ ನೋಡಿದರೆ ಸಾಕು…”

ಶೆಟ್ಟರು ತಲೆ ತಗ್ಗಿಸಿ ನಿಂತಿದ್ದರು. ಗಾಣದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದು ದಿನಾ ಗಿರಣಿಯಲ್ಲಿ ವಿದ್ವಾಂಸರ ಈ ಕೃತಿಗಳನ್ನೇ ಗುನುಗಿಕೊಳ್ಳುವೆನೆಂದೂ, ಎಲ್ಲವೂ ಬಾಯಿಗೆ ಬರುತ್ತವೆಂದೂ, ಇಂಥ ಕಂಠ ಇಟ್ಟುಕೊಂಡು ವಿದ್ವಾಂಸರೆದುರು ಹೇಗೆ ಹೇಳಲೆಂದೂ ತಡವರಿಸಿದರು.

ಅವಧೂತರು ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟರು.

“ಶೆಟ್ಟಿ, ಹೊಸದು ಕೇಳಬೇಡ. ಇದನ್ನೇ ಕೇಳು.” ವಿದ್ವಾಂಸರ ಕಡೆ ತಿರುಗಿ, “ಕಟ್ಟಿದ್ದು ಸಾಕು ಬಿಡಪ್ಪ. ಇನ್ನು ಹಾಡು” ಎಂದರು.

ಗಂಗಾಧರಯ್ಯನವರು ಎದ್ದು ಹೋಗಿ ಶೆಟ್ಟರ ಕೈ ಹಿಡಿದು ಒಳಕ್ಕೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು. ಮರೆತ ಚರಣವನ್ನು ಅವರಿಂದಲೇ ಹೇಳಿಸಿಕೊಂಡು ಕಲಿತರು. ಅನ್ನದಾತನೆಂದು ವರ್ಷಗಟ್ಟಲೆ ಕೈಮುಗಿದಿದ್ದ ಆ ಮನುಷ್ಯನ ಮುಖವನ್ನು ಸರಿಯಾಗಿ ನೋಡಿದ್ದು ಅಂದೇ.

ಆ ರಾಮನವಮಿಗೆ ಹೊಸ ಕೃತಿ ಇರಲಿಲ್ಲ. ನೆರೆದ ರಸಿಕರು ಮುಖ ಮುಖ ನೋಡಿಕೊಂಡರು. ‘ವಿದ್ವಾಂಸರ ಸರಕು ಮುಗಿಯಿತು’ ಎಂದು ಹಿಂದಿನಿಂದ ಯಾರೋ ಆಡಿಕೊಂಡದ್ದೂ ಉಂಟು. ಗಂಗಾಧರಯ್ಯನವರು ಆನಂದಭೈರವಿಯನ್ನೇ ಎತ್ತಿಕೊಂಡರು. ವಯಸ್ಸಾದ ಕಂಠ, ಮೇಲಿನ ಷಡ್ಜಕ್ಕೆ ಏರುವಾಗ ಏದುಸಿರು ಬರುತ್ತಿತ್ತು. ಚರಣ ಬಂದಾಗ ಎದುರಿಗೆ ಕೂತಿದ್ದ ಶೆಟ್ಟರು ಮೈಮರೆತು ಅಪಶ್ರುತಿಯಲ್ಲಿ ದನಿಗೂಡಿಸಿಬಿಟ್ಟರು. ಪಿಟೀಲಿನವರು ಬೆಚ್ಚಿ ಕಮಾನು ನಿಲ್ಲಿಸಿದರು.

ವಿದ್ವಾಂಸರು ನಿಲ್ಲಿಸಲಿಲ್ಲ. ತಂಬೂರಿಯನ್ನು ಬದಿಗೆ ಸರಿಸಿ, ಶೆಟ್ಟರ ಶ್ರುತಿಗೇ ಇಳಿದು ಆ ಸಾಲನ್ನು ಜೊತೆಯಲ್ಲಿ ಹಾಡಿದರು.